‘ವೈ ಡಿಡ್ ಯು’ ಅಂತ ಕೇಳಿದ ರಾತ್ರಿ

ಜನವರಿಯ ಒಂದು ರಾತ್ರಿ. ನಮ್ಮಲ್ಲಿ 10:40, ನಮ್ಮ ಐಟಿ ಟೀಮಿನ ಕ್ಲೈಂಟ್ ಇರುವ ಇಂಗ್ಲೆಂಡಿನಲ್ಲಿ ಸಂಜೆ 5:10. ಹಣದ ಲೆಕ್ಕ ಚುಕ್ತಾ ಮಾಡುವ ಸೆಟಲ್‌ಮೆಂಟ್ ಬ್ಯಾಚ್ ಫೇಲ್ ಆಗಿತ್ತು. ಪಿ1, ಅಂದರೆ ಅತಿ ತುರ್ತಿನ ಟಿಕೆಟ್, ಓಪನ್ ಮಾಡಿ ಎಲ್ಲರನ್ನೂ ಕಾನ್ಫರೆನ್ಸ್ ಕಾಲ್‌ಗೆ, ಅಂದರೆ ಬ್ರಿಡ್ಜ್‌ಗೆ ಕರೆದಾಗಿತ್ತು. ಲಾಗ್ ತುಂಬಾ ಒಂದೇ ಸಾಲು: ಸರ್ವಿಸ್ ಅಕೌಂಟ್ (ಪ್ರೋಗ್ರಾಂಗಳು ಲಾಗಿನ್ ಆಗುವ ಖಾತೆ) ಲಾಕ್ ಆಗಿದೆ. ಕ್ಲೈಂಟ್ ಕಡೆಯ ಡಿಬಿಎ (ಡೇಟಾಬೇಸ್ ಅಡ್ಮಿನಿಸ್ಟ್ರೇಟರ್) ಮೇಡಂ ಲೈನಿಗೆ ಬಂದರು. ವರ್ಷಗಟ್ಟಲೆ ಅದೇ ಡೇಟಾಬೇಸ್ ನೋಡಿಕೊಂಡು ಬಂದವರು. ನಾನು ಮ್ಯೂಟ್ ತೆಗೆದು ಕೇಳಿಯೇ ಬಿಟ್ಟೆ.

“ವೈ ಡಿಡ್ ಯು ಚೇಂಜ್ ದ ಪಾಸ್‌ವರ್ಡ್? ಹೂ ಅಪ್ರೂವ್ಡ್ ಇಟ್? ವೆನ್ ವಿಲ್ ಯು ಅನ್‌ಲಾಕ್?”

ಲೈನಿನಲ್ಲಿ ಹನ್ನೊಂದು ಜನ ಇದ್ದರು. ಯಾರೂ ಮಾತಾಡಲಿಲ್ಲ. ಯಾರದೋ ಕೀಬೋರ್ಡ್ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅವರು “ರೈಟ್” ಅಂದರು. ಸ್ವಲ್ಪ ತಡೆದು, “ಐ ಫಾಲೋಡ್ ದ ಚೇಂಜ್ ಪ್ರೋಸೆಸ್” ಅಂದರು.

ಅಷ್ಟೇ. ಅಲ್ಲಿಂದ ಮುಂದೆ ಕೇಳಿದ್ದಕ್ಕೆ ಯೆಸ್, ನೋ. ಅಕೌಂಟ್ ಅನ್‌ಲಾಕ್ ಮಾಡಿಕೊಟ್ಟರು. ಐದೇ ನಿಮಿಷಕ್ಕೆ ಮತ್ತೆ ಲಾಕ್. ಅದೇ ಅಕೌಂಟನ್ನು ಇನ್ನೊಂದು ಹಳೇ ಜಾಬ್, ಅಂದರೆ ತಾನಾಗೇ ಓಡುವ ಪ್ರೋಗ್ರಾಂ, ಬಳಸುತ್ತಿತ್ತು, ಅದು ಹಳೇ ಪಾಸ್‌ವರ್ಡ್ ಇಟ್ಟುಕೊಂಡು ಬಾಗಿಲು ಬಡಿಯುತ್ತಲೇ ಇತ್ತು. ಆ ವಿಷಯ ಮೇಡಂಗೆ ಗೊತ್ತಿತ್ತು. ನಾನು ಕೇಳಲಿಲ್ಲ, ಅವರಾಗೇ ಹೇಳಲಿಲ್ಲ. ಅದನ್ನು ನಾವೇ ಹುಡುಕೋದಕ್ಕೆ 35 ನಿಮಿಷ ಹೋಯಿತು. ಇಷ್ಟು ಹೊತ್ತಿನಲ್ಲಿ ಸರಿಪಡಿಸುತ್ತೇವೆ ಅಂತ ಕ್ಲೈಂಟಿಗೆ ಕೊಟ್ಟ ಮಾತು, ಎಸ್ಎಲ್ಎ, ಮುರಿಯಿತು.

ನನಗೆ ಈಗಲೂ ಚುಚ್ಚುವುದು ಬೇರೆಯದು. ಆ ಚೇಂಜ್‌ನ ಮೇಲ್ ಎರಡು ದಿನ ಮೊದಲೇ ನಮ್ಮ ಟೀಮ್ ಮೇಲ್‌ಬಾಕ್ಸಿಗೆ ಬಂದಿತ್ತು. ಶಿಫ್ಟ್ ಹ್ಯಾಂಡ್‌ಓವರ್‌ನಲ್ಲಿ ಬಿಟ್ಟುಹೋಗಿತ್ತು. ತಪ್ಪು ನಮ್ಮ ಕಡೆ ಇಟ್ಟುಕೊಂಡು, ಹನ್ನೊಂದು ಜನರ ಮುಂದೆ ಅವರನ್ನು ಪೊಲೀಸ್ ಸ್ಟೇಷನ್ನಿನಲ್ಲಿ ವಿಚಾರಿಸಿದ ಹಾಗೆ ವಿಚಾರಿಸಿದ್ದೆ.

ಮರುದಿನ ಎಸ್ಕಲೇಷನ್ ಬಂತು, ಅಂದರೆ ದೂರು ಮೇಲಿನವರ ತನಕ ಹೋಯಿತು. ಮ್ಯಾನೇಜರ್ ಆರ್‌ಸಿಎ (ಮೂಲ ಕಾರಣದ ವರದಿ) ಓದುವ ಮೊದಲೇ ನನ್ನನ್ನು ಎರಡು ಗಂಟೆಯ ಸಾಫ್ಟ್ ಸ್ಕಿಲ್ಸ್ ಟ್ರೈನಿಂಗಿಗೆ ಹಾಕಿದರು. ಅಲ್ಲಿ ಹೇಳಿದ್ದು ಒಂದೇ: ಪ್ರತಿ ಪ್ರಶ್ನೆಗೂ ‘ಪ್ಲೀಸ್’ ಸೇರಿಸಿ. ಡೆಸ್ಕಿಗೆ ಬಂದು ಸೇರಿಸಿ ನೋಡಿದೆ. “ಪ್ಲೀಸ್ ಟೆಲ್ ಮಿ ವೈ ಯು ಚೇಂಜ್ಡ್ ಇಟ್.” ಮೊದಲಿಗಿಂತ ಕಟುವಾಗಿತ್ತು. ಹೆಡ್‌ಮಾಸ್ಟರ್ ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದ ಹಾಗಿತ್ತು. ಜನರ ಸಮಯ ತೆಗೆದುಕೊಂಡು ಇಷ್ಟನ್ನೇ ಹೇಳಿ ಕಳಿಸುವುದು ಸರಿಯಲ್ಲ.

ದಾರಿ ತೋರಿಸಿದ್ದು ನಮ್ಮ ಟೀಮಿನ ಧಾರವಾಡದ ಹುಡುಗ. ಕಾಲ್ ರೆಕಾರ್ಡಿಂಗ್ ಕೇಳಿ, “ಸರ್, ಆ ಮೇಡಂ ಕನ್ನಡದವರಾಗಿದ್ರ ಹಿಂಗ ಕೇಳ್ತಿದ್ರೇನ್ರಿ?” ಅಂದ.

ಇಲ್ಲ. ಖಂಡಿತ ಇಲ್ಲ. “ಮೇಡಂ, ಪಾಸ್‌ವರ್ಡ್ ಏನಾದ್ರೂ ಬದಲಾಗಿದ್ಯಾ?” ಅನ್ನುತ್ತಿದ್ದೆ. ‘ಬದಲಾಯಿಸಿದ್ರಾ’ ಅಲ್ಲ, ‘ಬದಲಾಗಿದ್ಯಾ’. ಯಾರು ಮಾಡಿದರು ಅನ್ನುವುದು ಆ ಮಾತಿನಲ್ಲೇ ಇಲ್ಲ. ಜೊತೆಗೆ ಒಂದು ‘ಏನಾದ್ರೂ’. ಇಂಗ್ಲಿಷಿನಲ್ಲೂ ಅದು ಹಾಗೇ ಇದೆ: “ಹ್ಯಾಸ್ ದ ಪಾಸ್‌ವರ್ಡ್ ಚೇಂಜ್ಡ್, ಬೈ ಎನಿ ಚಾನ್ಸ್?”

ಅವತ್ತಿನಿಂದ ನನ್ನ ಮಾತನ್ನೇ ಗಮನಿಸತೊಡಗಿದೆ. ಪಕ್ಕದ ಮನೆಯವರ ಹತ್ತಿರ ಏಣಿ ಕೇಳುವಾಗ “ಏಣಿ ಬೇಕು” ಅನ್ನಲ್ಲ, “ಒಂದು ಏಣಿ ಬೇಕಿತ್ತು” ಅಂತೀವಿ ಅಲ್ವಾ? ಬೇಕಾಗಿರುವುದು ಈಗಲೇ, ಆದರೂ ‘ಇತ್ತು’. ಕೊಡಲಾಗದಿದ್ದರೆ ಅವರು ಸುಲಭವಾಗಿ ‘ಇಲ್ಲ’ ಅನ್ನಲಿ ಅಂತ ಸ್ವಲ್ಪ ದೂರ ಸರಿದು ನಿಂತು ಕೇಳುವುದು. “ಐ ವಾಸ್ ವಂಡರಿಂಗ್ ಇಫ್” ಅನ್ನುವುದರ ‘ವಾಸ್’ ಕೂಡ ಅದೇ. ನಾನು ಅದನ್ನು ಇಷ್ಟು ವರ್ಷ ಸುಮ್ನೆ ಸುತ್ತಿ ಬಳಸಿ ಮಾತಾಡುವ ಚಾಳಿ ಅಂದುಕೊಂಡಿದ್ದೆ. ನಮ್ಮ ಮರ್ಯಾದೆ ಜಾಸ್ತಿ ಕ್ರಿಯಾಪದದ ಬಾಲದಲ್ಲಿರುತ್ತದೆ: ಕೊಡ್ತೀರಾ, ನೋಡಿ, ಹೇಳ್ರಿ. ಇಂಗ್ಲಿಷಿಗೆ ಹೋಗುವಾಗ ಆ ಬಾಲ ಇಲ್ಲೇ ಉಳಿದುಬಿಡುತ್ತದೆ. ಇಂಗ್ಲಿಷಿನವರು ಅದನ್ನು ಬಹಳ ಸಲ ಮಾತಿನ ಮುಂದೆ ಇಡುತ್ತಾರೆ: “ಡು ಯು ಹ್ಯಾಪನ್ ಟು ನೋ”, “ಕುಡ್ ಯು ಟೆಲ್ ಮಿ”.

ಇಲ್ಲೂ ನಾನು ಎಡವಿದ್ದೆ. “ಕುಡ್ ಯು ಟೆಲ್ ಮಿ ವೆನ್ ಡಿಡ್ ದ ಜಾಬ್ ರನ್” ಅನ್ನುತ್ತಿದ್ದೆ. ‘ಡಿಡ್’ ಬರಬಾರದು, “ವೆನ್ ದ ಜಾಬ್ ರ‍್ಯಾನ್” ಅನ್ನಬೇಕು. ‘ವುಡ್ ಯು ಮೈಂಡ್’ ಅಂತ ಕೇಳಿದರೆ ಒಪ್ಪಿಗೆಯ ಉತ್ತರ ‘ನೋ’. ಇವೆರಡೂ ಬಾಯಿಗೆ ಕೂರಲು ನನಗೆ ಒಂದು ತಿಂಗಳು ಬೇಕಾಯಿತು.

ಮಾರ್ಚ್ ಕೊನೆಯ ಭಾನುವಾರ ಇಂಗ್ಲೆಂಡಿನ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯಿತು. ಮರುದಿನ ಜಾಬ್‌ಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಶೆಡ್ಯೂಲರ್ ಗೊಂದಲವಾಗಿ ಮತ್ತೆ ಬ್ರಿಡ್ಜ್, ಅದೇ ಮೇಡಂ. ಮೊದಲು ಜನವರಿಯ ತಪ್ಪಿಗೆ ಸಾರಿ ಕೇಳಿದೆ. ಆಮೇಲೆ, “ಡು ಯು ಹ್ಯಾಪನ್ ಟು ನೋ ಇಫ್ ಎನಿಥಿಂಗ್ ಎಲ್ಸ್ ಯೂಸಸ್ ದಿಸ್ ಟೇಬಲ್?” ಅಂದೆ. ಅವರು ಮೂರು ಜಾಬ್‌ಗಳ ಹೆಸರು ಹೇಳಿದರು. ನಾಲ್ಕನೆಯದನ್ನು ತಾವೇ ನೆನಪು ಮಾಡಿಕೊಂಡು ಚಾಟ್‌ನಲ್ಲಿ ಹಾಕಿದರು. ಕೊನೆಗೆ ಅವರದೇ ಒಂದು ಪ್ರಶ್ನೆ: “ಐ ಡೋಂಟ್ ಸಪೋಸ್ ಯು ಕುಡ್ ಸ್ಟೇ ಆನ್ ಅನದರ್ ಟೆನ್ ಮಿನಿಟ್ಸ್?”

ಇರುತ್ತೇನೆ ಅಂದೆ. ಮ್ಯೂಟ್ ಮಾಡಿ, ಕೆಳಗೆ ಕಾಯುತ್ತಿದ್ದ ಕ್ಯಾಬ್ ಡ್ರೈವರ್‌ಗೆ ಫೋನ್ ಹಚ್ಚಿದೆ. “ಅಣ್ಣಾ, ಇನ್ನೊಂದ್ ಹತ್ತು ನಿಮಿಷ ಬೇಕಿತ್ತು. ಕಾಯೋಕಾಗುತ್ತಾ?”