ಕಾಫಿ ಹೂವೂ ಅಜ್ಜಿಯ ನೆನಪೂ
ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಬಿದ್ದು ಎಂಟು ದಿನಗಳಾದ ಮೇಲೆ ವಿರಾಜಪೇಟೆಯ ನಮ್ಮ ತೋಟದಲ್ಲಿ ಕಾಫಿ ಹೂ ಅರಳಿ ಪರಿಮಳ ಹರಡಿದಾಗ, ಮೊಮ್ಮಕ್ಕಳ ಹೆಸರನ್ನೇ ಮರೆತಿದ್ದ ಅಜ್ಜಿ ತಾವು ಮದುವೆಯಾಗಿ ಬಂದ ದಿನದ ಅಂಗಳವನ್ನು ವಿವರಿಸತೊಡಗಿದರು. ವಾಸನೆಯ ಸಂಕೇತಗಳು ಇತರ ಇಂದ್ರಿಯಗಳ ಸಂಕೇತಗಳಂತೆ ಮೊದಲು ಮೆದುಳಿನ ನಡುವಿನ ರವಾನೆ ಕೇಂದ್ರವಾದ ಥಾಲಮಸ್ಸನ್ನು ಹಾದುಹೋಗದೆ, ಭಾವನೆಗೆ ಸಂಬಂಧಿಸಿದ ಭಾಗವಾದ ಅಮಿಗ್ಡಲವನ್ನು ನೇರವಾಗಿ ತಲುಪುತ್ತವೆ. ನೆನಪನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಅದರ ಪಕ್ಕದಲ್ಲೇ ಇದೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವು ಮೊದಲ ಗಂಟೆಯಲ್ಲಿ ಅತಿ ವೇಗವಾಗಿಯೂ ಅನಂತರ ನಿಧಾನವಾಗಿಯೂ ಸಾಗುತ್ತದೆಂದು 1885ರಲ್ಲಿ ತೋರಿಸಿದರು. ಆದರೆ ಅಜ್ಜಿಯ ಅಂಗಳಕ್ಕೆ ಅರ್ಥವಿದೆ, ಮೇಲಾಗಿ ಪ್ರತಿ ವರ್ಷದ ಹೂವು ಅದನ್ನು ಮತ್ತೆ ಮತ್ತೆ ಗಟ್ಟಿಮಾಡಿರಬೇಕು ಎಂದು ನಾನು ನಂಬುತ್ತೇನೆ. ಹೆಸರು ಕೇಳಿ ಅವರನ್ನು ಪರೀಕ್ಷಿಸುವುದನ್ನು ಬಿಟ್ಟಿದ್ದೇನೆ. ಅದು ಅವರನ್ನು ಬಹಳ ನೋಯಿಸುತ್ತಿತ್ತು. ಈಗ ಹೂಗೊಂಚಲೊಂದನ್ನು ಅವರ ಕೈಗಿಟ್ಟು ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ.