ಅರಿಶಿನ ಜಾಸ್ತಿ ಹೊಳೆದರೆ ನನಗೆ ಭಯ

ಮೊನ್ನೆ ಪಕ್ಕದ ಮನೆ ಆಂಟಿ ಅರಿಶಿನದ ಮಾತ್ರೆ ಡಬ್ಬಿ ಹಿಡಿದುಕೊಂಡು ಬಂದರು. "ದಿನಾ ಎರಡು ತಗೊಂಡ್ರೆ ಮರೆವಿನ ಕಾಯಿಲೆ ಬರಲ್ವಂತೆ, ನಿಜಾನಾ ಕಣಮ್ಮಾ?" ನನ್ನ ತವರು ಗುಂಡ್ಲುಪೇಟೆ ಕಡೆ, ಅಣ್ಣ ಈಗಲೂ ಹೊಲದಲ್ಲಿ ಅರಿಶಿನ ಹಾಕುತ್ತಾನೆ. ಹಾಗಾಗಿ ಅರಿಶಿನದ ಮಾತು ಅಂದರೆ ಎಲ್ಲರೂ ನನ್ನನ್ನೇ ಕೇಳುತ್ತಾರೆ.

ಅರಿಶಿನಕ್ಕೆ ಔಷಧಿ ಗುಣ ಕೊಡುತ್ತದೆ ಅಂತ ಹೇಳುವ ಕರ್ಕ್ಯುಮಿನ್ ಅನ್ನುವ ಅಂಶ ನೂರು ಗ್ರಾಂ ಪುಡಿಯಲ್ಲಿ ಸುಮಾರು ಮೂರು ಗ್ರಾಂ ಅಷ್ಟೇ. ಅದೂ ಸುಲಭವಾಗಿ ರಕ್ತಕ್ಕೆ ಸೇರುವುದಿಲ್ಲ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಒಂದು ಪ್ರಯೋಗ ಮಾಡಿದರು. ಎರಡು ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನಲ್ಲಿರುವ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ದೇಹಕ್ಕೆ ಸೇರುವ ಪ್ರಮಾಣ ಎಷ್ಟೋ ಪಟ್ಟು ಏರಿತು. 20 ಮಿಲಿಗ್ರಾಂ ಪೈಪರಿನ್ ಅಂದರೆ ಒಂದು ಚಿಟಿಕೆ ಮೆಣಸಿನ ಪುಡಿ. ನಮ್ಮ ಮೆಣಸಿನ ಸಾರಿನಲ್ಲಿ ಇವೆರಡೂ ಮೊದಲಿಂದಲೂ ಜೊತೆಗೇ ಇವೆ, ಅಲ್ವಾ?

ಆದರೆ ಮರೆವಿನ ಕಾಯಿಲೆಗೆ? ಹಾಂಗ್‌ಕಾಂಗ್‌ನಲ್ಲಿ 2008ರಲ್ಲಿ, ಅಮೆರಿಕದಲ್ಲಿ 2012ರಲ್ಲಿ ಅಲ್ಜೈಮರ್ಸ್ ಇರುವವರಿಗೆ ಸುಮಾರು ಆರು ತಿಂಗಳು ಕರ್ಕ್ಯುಮಿನ್ ಕೊಟ್ಟು ನೋಡಿದರು. ನೆನಪಿನ ಶಕ್ತಿ ಸುಧಾರಿಸಲಿಲ್ಲ. ಸಣ್ಣ ಪ್ರಯೋಗಗಳು, ಒಪ್ಪುತ್ತೇನೆ. ಆದರೂ ಅದನ್ನು ನಂಬಿ ದುಡ್ಡು ಸುರಿಯುವಂಥದ್ದೇನೂ ಅಲ್ಲಿಲ್ಲ. ಮೇಲಾಗಿ ಪೈಪರಿನ್ ಸೇರಿಸಿದ ಇಂಥ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳು ಇಟಲಿ, ಅಮೆರಿಕದಲ್ಲಿ ದಾಖಲಾಗಿವೆ. ಆಂಟಿ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಾರೆ. ಡಾಕ್ಟರ್‌ಗೆ ತೋರಿಸದೆ ಇದನ್ನು ಬಾಯಿಗೆ ಹಾಕಿಕೊಳ್ಳಬೇಡಿ ಅಂತ ಗಟ್ಟಿಯಾಗಿಯೇ ಹೇಳಿದೆ.

ಅರಿಶಿನ ಮಿದುಳಿಗೆ ಒಳ್ಳೆಯದೋ ಅನ್ನುವುದಕ್ಕಿಂತ, ಅರಿಶಿನದ ಹೆಸರಿನಲ್ಲಿ ಮಿದುಳಿಗೆ ಏನು ಹೋಗುತ್ತಿದೆ ಅನ್ನುವುದೇ ನನಗೆ ದೊಡ್ಡ ಚಿಂತೆ. ಗಡ್ಡೆ ಅಗೆದು, ಬೇಯಿಸಿ, ಬಿಸಿಲಿಗೆ ಒಣಗಿಸಿದ ಕೊಂಬು ನೋಡಲು ಮಂಕಾಗಿರುತ್ತದೆ. ಡ್ರಮ್ಮಿಗೆ ಹಾಕಿ ತಿರುಗಿಸಿ ಪಾಲಿಶ್ ಮಾಡುತ್ತಾರೆ. ಕೆಲವು ವ್ಯಾಪಾರಿಗಳು ಆ ಹೊತ್ತಿನಲ್ಲಿ ಸೀಸದ ಕ್ರೋಮೇಟ್ ಬಣ್ಣ ಬೆರೆಸುತ್ತಾರೆ. ಬಣ್ಣ ಗಾಢವಾದರೆ ಬೆಲೆ ಜಾಸ್ತಿ. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿ ಸೀಸ ಹೆಚ್ಚಿರುವುದು ಕಂಡಿತು. ಮೂಲ ಹುಡುಕುತ್ತಾ ಹೋದ ಸಂಶೋಧಕರು ಬಂದು ನಿಂತಿದ್ದು ಅರಿಶಿನದ ಮುಂದೆ. ಸೀಸ ಕ್ಯಾಲ್ಸಿಯಂನ ವೇಷದಲ್ಲಿ ದೇಹದೊಳಗೆ ನುಗ್ಗುತ್ತದೆ. ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ಬೆಳೆಯುವ ಮಕ್ಕಳ ಬುದ್ಧಿ, ಗಮನ ಎರಡನ್ನೂ ಕುಗ್ಗಿಸುತ್ತದೆ. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಬಾಂಗ್ಲಾದವರು ಸುಮ್ನೆ ಕೂರಲಿಲ್ಲ. ಜನರಿಗೆ ತಿಳಿ ಹೇಳಿದರು, ಮಾರುಕಟ್ಟೆಗೆ ನುಗ್ಗಿ ತಪಾಸಣೆ ಮಾಡಿದರು, ದಂಡ ಹಾಕಿದರು. 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇಕಡಾ 47ರಲ್ಲಿ ಸೀಸ ಇತ್ತು. 2021ಕ್ಕೆ ಅದು ಸೊನ್ನೆ! ಅಷ್ಟು ಬೇಗ ಅವರಿಗೆ ಸಾಧ್ಯವಾದರೆ ನಮ್ಮ ಮಾರುಕಟ್ಟೆಗಳಲ್ಲಿ ಯಾಕಾಗಬಾರದು?

ಅಲ್ಲಿಯವರೆಗೆ ನಮ್ಮ ಕೈಯಲ್ಲಾಗುವುದು ಮಾಡೋಣ. ಕೊಂಬು ತನ್ನಿ. ಒಂದನ್ನು ನೀರಿಗೆ ಹಾಕಿ ನೋಡಿ. ಹಾಕಿದ ತಕ್ಷಣ ನೀರು ಹಳದಿಯಾದರೆ ಬೇಡ. ಈ ಪರೀಕ್ಷೆ ಎಲ್ಲ ಮೋಸವನ್ನೂ ಹಿಡಿಯುವುದಿಲ್ಲ. ಹಾಗಾಗಿ ಪಾಲಿಶ್ ಕಡಿಮೆ ಇರುವ ಮಂಕು ಕೊಂಬನ್ನೇ ಕೇಳಿ. ಅದನ್ನು ಚೆನ್ನಾಗಿ ಒಣಗಿಸಿ, ಕುಟ್ಟಿ ಚೂರು ಮಾಡಿ ಮಿಲ್ಲಿಗೆ ಕೊಡಿ. ಇಡೀ ಕೊಂಬು ಕೊಟ್ಟರೆ ಮಿಲ್ಲಿನವರು ಬೈಯುತ್ತಾರೆ. ಖಾರದ ಪುಡಿ ಮಾಡಿದ ತಕ್ಷಣ ನಿಮ್ಮದು ಹಾಕಲು ಬಿಡಬೇಡಿ, ಹಾಲಿಗೆ ಹಾಕಿದರೆ ಮಕ್ಕಳು ಕುಡಿಯುವುದಿಲ್ಲ.