ಫರಸಿ ಕಲ್ಲಿನ ಮೇಲೆ ಗಾಲ್ಫ್ ಐರನ್: ಈವರೆಗೆ ಆದ ಕೆಲಸ

ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾಗ ಅಂಟಿಕೊಂಡ ಗಾಲ್ಫ್ ಚಟ ಇದು. ನೌಕರಿ ಬಿಟ್ಟು ಬೀದರಿಗೆ ವಾಪಸ್ ಬಂದು ಮೂರು ವರ್ಷ ಆಯಿತು, ಚಟ ಮಾತ್ರ ಬಿಟ್ಟಿಲ್ಲ. ಬೆಂಗಳೂರಿನಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ ಇದೆ. ನನಗೆ ಇಲ್ಲಿ ಇರುವುದು ಮಾವನವರ ಹೊಲ. ತೊಗರಿ ಕೊಯ್ದ ಮೇಲೆ ಅವರು ನನ್ನನ್ನು ತಡೆಯುವುದಿಲ್ಲ. ಒಂದು ಹಳೇ ಮ್ಯಾಟ್ ಹಾಸಿಕೊಂಡು ಕೂಳೆಗಳ ನಡುವೆ ಚೆಂಡು ಹೊಡೆಯುತ್ತೇನೆ. ಅರ್ಧ ಹೊತ್ತು ಹುಡುಕುವುದರಲ್ಲೇ ಹೋಗುತ್ತದೆ.

ಕಳೆದ ವರ್ಷ ಹೈದರಾಬಾದಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಐರನ್ ಸೆಟ್ (ಲೋಹದ ಚಪ್ಪಟೆ ಹೆಡ್ ಇರುವ ಗಾಲ್ಫ್ ಕೋಲುಗಳು) ಕೊಂಡೆ. ನಾಲ್ಕನೇ ನಂಬರಿನಿಂದ ಒಂಬತ್ತರವರೆಗೆ (ನಂಬರ್ ಹೆಚ್ಚಾದಷ್ಟೂ ಚೆಂಡು ಹತ್ತಿರ ಬೀಳಬೇಕು), ಜೊತೆಗೆ ಅದಕ್ಕೂ ಹತ್ತಿರದ ಹೊಡೆತಕ್ಕೆ ಪಿಚಿಂಗ್ ವೆಡ್ಜ್. ಫೋರ್ಜ್ಡ್ (ಕುಟ್ಟಿ ಮಾಡಿದ) ಹೆಡ್, ಸ್ಟೀಲ್ ಶಾಫ್ಟ್ (ದಂಡ). ಕೈಯಲ್ಲಿ ಹಿಡಿದರೆ ಖುಷಿ, ಹೊಡೆದರೆ ಎಲ್ಲಾ ಎಡಕ್ಕೆ. ನಾನು ಬಲಗೈಯವನು. ಏಳನೇ ನಂಬರಿನಲ್ಲಿ ಎಂಟು ಹತ್ತು ಗಜ ಎಡಕ್ಕೆ ಹೋಗೋದು. ವೆಡ್ಜ್ ಅಂತೂ ಕೇಳಬೇಡಿ. ಇನ್ನೊಂದು ಕಾಟ ಅಂದ್ರೆ ಆರು ಮತ್ತು ಏಳು ಎರಡೂ ಹೆಚ್ಚುಕಮ್ಮಿ ಒಂದೇ ಕಡೆ ಬೀಳುತ್ತಿದ್ದವು. ಎಂಟು ತೆಗೆದರೆ ದಿಢೀರನೆ ಬಹಳ ಹಿಂದೆ. ಆರು ತಿಂಗಳು ನನ್ನ ಸ್ವಿಂಗನ್ನೇ ಬೈದುಕೊಂಡೆ. ಆಮೇಲೆ ಹೊಳೆಯಿತು, ಕ್ಲಬ್ಬನ್ನು, ಅಂದರೆ ಈ ಕೋಲನ್ನು, ಒಮ್ಮೆಯೂ ಅಳೆದೇ ಇಲ್ಲವಲ್ಲ ಅಂತ.

ಅಳತೆಯೇ ದೊಡ್ಡ ಕೆಲಸ

ಗೊತ್ತಿಲ್ಲದವರಿಗೆ ಎರಡೇ ಮಾತು. ಕ್ಲಬ್ಬಿನ ತಳ ನೆಲಕ್ಕೆ ಸಮನಾಗಿ ಕೂತಾಗ ಶಾಫ್ಟ್ ನೆಲದ ಜೊತೆ ಮಾಡುವ ಕೋನ ಲೈ. ಚೆಂಡಿಗೆ ತಾಗುವ ಮುಖ ಎಷ್ಟು ಹಿಂದಕ್ಕೆ ಒರಗಿದೆ ಅನ್ನುವುದು ಲಾಫ್ಟ್; ಅದು ಹೆಚ್ಚಿದಷ್ಟೂ ಚೆಂಡು ಹತ್ತಿರ ಬೀಳುತ್ತದೆ. ಲೈ ಜಾಸ್ತಿ ನೆಟ್ಟಗಿದ್ದರೆ ಹೊಡೆಯುವಾಗ ಹೀಲ್ (ಹೆಡ್ಡಿನ ಶಾಫ್ಟ್ ಕಡೆಯ ಬದಿ) ನೆಲಕ್ಕೆ ತಾಗಿ ಟೋ (ಆಚೆ ತುದಿ) ಮೇಲೇಳುತ್ತದೆ, ಚೆಂಡು ಎಡಕ್ಕೆ ಹೋಗುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಅಡುಗೆಮನೆಯಿಂದ ಒಂದು ಮೊರ ತನ್ನಿ. ಅದರ ಮುಖ ಮುಂದಕ್ಕೆ ಮಾಡಿ, ಸ್ವಲ್ಪ ಹಿಂದಕ್ಕೆ ಒರಗಿಸಿ ಹಿಡಿದು, ಬಲಗಡೆ ಅಂಚು ಎತ್ತಿ. ಮುಖ ತಾನಾಗಿಯೇ ಎಡಕ್ಕೆ ತಿರುಗುತ್ತದೆ. ಎಷ್ಟು ಒರಗಿದೆಯೋ ಅಷ್ಟು ಹೆಚ್ಚು ತಿರುಗುತ್ತದೆ. ಅದಕ್ಕೇ ಲೈ ತಪ್ಪಿದರೆ ನಾಲ್ಕನೇ ನಂಬರಿಗಿಂತ ವೆಡ್ಜಿಗೆ ಪೆಟ್ಟು ಜಾಸ್ತಿ.

ಅಳೆಯಲು ಸಮತಟ್ಟಾದ ಜಾಗ ಬೇಕಲ್ವಾ? ವರಾಂಡಕ್ಕೆ ಹಾಸಿ ಉಳಿದಿದ್ದ ಒಂದು ಪಾಲಿಶ್ ಶಹಾಬಾದ್ ಫರಸಿ ಹಿತ್ತಲಲ್ಲಿ ಬಿದ್ದಿತ್ತು. ಅದನ್ನು ತಂದು ಟೇಬಲ್ ಮೇಲಿಟ್ಟು, ಕೆಳಗೆ ಕಾರ್ಡ್‌ಬೋರ್ಡ್ ಚೂರು ಸಿಕ್ಕಿಸಿ ಮಟ್ಟ ಮಾಡಿದೆ. ಜೊತೆಗೆ ಅಯಸ್ಕಾಂತ ಇರುವ ಒಂದು ಡಿಜಿಟಲ್ ಆ್ಯಂಗಲ್ ಗೇಜ್. ಬಡಗಿಗಳು ಬಳಸುವಂಥದ್ದು.

ಮೊದಲ ದಿನ ಏಳನೇ ನಂಬರಿನ ಲೈಯನ್ನು ಮೂರು ಸಲ ಅಳೆದೆ. 63.1, 64.4, 63.6 ಡಿಗ್ರಿ. ಒಂದೇ ಕ್ಲಬ್, ಒಂದೇ ಕಲ್ಲು! ಗೇಜ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಐರನ್ ತಳ ಚಪ್ಪಟೆಯಲ್ಲ, ತೊಟ್ಟಿಲಿನ ಹಾಗೆ ಸ್ವಲ್ಪ ಬಾಗಿದೆ. ಎಲ್ಲಿ ಬೇಕಾದರೂ ಕೂರುತ್ತದೆ. ಹಾಗಾಗಿ ತಳವನ್ನು ನಂಬದೆ, ಮುಖದ ಮೇಲಿನ ಗೆರೆಗಳು ಕಲ್ಲಿಗೆ ಸಮಾನಾಂತರ ಇವೆಯೇ ಅಂತ ನೋಡಿ ಅಳೆಯಬೇಕು. ಇನ್ನೊಂದು ಎಡವಟ್ಟು ಶಾಫ್ಟಿನದು. ಸ್ಟೀಲ್ ಶಾಫ್ಟ್ ಮೆಟ್ಟಿಲು ಮೆಟ್ಟಿಲಾಗಿ ಸಣ್ಣದಾಗುತ್ತಾ ಬರುತ್ತದೆ. ಗೇಜನ್ನು ಒಂದು ಮೆಟ್ಟಿಲಿನ ಒಳಗೇ ಕೂರಿಸಬೇಕು. ಎರಡು ಮೆಟ್ಟಿಲಿನ ಮೇಲೆ ಅಡ್ಡ ಕೂತರೆ ಲೆಕ್ಕ ತಪ್ಪುತ್ತದೆ. ಜಾಲಿ ಕಟ್ಟಿಗೆಯ ತುಂಡಿಗೆ ತೋಡು ಕೊರೆದು, ಶಾಫ್ಟ್ ಅಲ್ಲಾಡದ ಹಾಗೆ ಒಂದು ಸ್ಟ್ಯಾಂಡ್ ಮಾಡಿದ ಮೇಲೆ ಮೂರು ಸಲದ ಅಳತೆಗೂ 0.2ಕ್ಕಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಇಷ್ಟಕ್ಕೇ ಎರಡು ವಾರ ಹೋಯಿತು.

ಸಿಕ್ಕಿದ ಲಾಫ್ಟ್ ಹೀಗಿತ್ತು: ಆರು 31, ಏಳು 33, ಎಂಟು 38.5, ಒಂಬತ್ತು 41.5, ವೆಡ್ಜ್ 46. ನೋಡಿ, ಆರಕ್ಕೂ ಏಳಕ್ಕೂ ಎರಡೇ ಡಿಗ್ರಿ. ಏಳಕ್ಕೂ ಎಂಟಕ್ಕೂ ಐದೂವರೆ. ಸಾಮಾನ್ಯವಾಗಿ ಒಂದರಿಂದ ಒಂದಕ್ಕೆ ಮೂರರಿಂದ ನಾಲ್ಕು ಡಿಗ್ರಿ ಇರಬೇಕು. ಆರು ತಿಂಗಳು ನಾನು ಬೈದುಕೊಂಡದ್ದು ಈ ಅಂಕಿಗಳಿಗೆ. ಲೈ ಏಳನೆಯದರಲ್ಲಿ 64. ಈ ಥರದ ಸೆಟ್ಟಿಗೆ ಸ್ಟ್ಯಾಂಡರ್ಡ್ ಸುಮಾರು 62. ವೆಡ್ಜ್ 66 ಇತ್ತು. ಹಿಂದಿನ ಮಾಲೀಕರು ಎತ್ತರದವರಿರಬೇಕು, ತಮಗೆ ಬೇಕಾದ ಹಾಗೆ ಬಗ್ಗಿಸಿಕೊಂಡಿದ್ದಾರೆ. ನನ್ನ ಎತ್ತರ ಐದಡಿ ಐದಿಂಚು.

ಬೆರಳಿನ ಲೆಕ್ಕ ಹಾಕಿದೆ. 33 ಡಿಗ್ರಿ ಲಾಫ್ಟಿನಲ್ಲಿ ಲೈ ಎರಡು ಡಿಗ್ರಿ ತಪ್ಪಿದರೆ ಮುಖ ಸುಮಾರು 1.3 ಡಿಗ್ರಿ ಎಡಕ್ಕೆ ನೋಡುತ್ತದೆ. ನನ್ನ ಏಳನೇ ನಂಬರ್ ಹೋಗುವ 130 ಗಜಕ್ಕೆ ಅದು ಮೂರು ಗಜ. ಮೇಲೆ ಚೆಂಡಿನ ಸುತ್ತು ಓರೆಯಾಗಿ ಇನ್ನಷ್ಟು ಬಾಗುತ್ತದೆ. ಆದರೂ ಹತ್ತು ಗಜ ಆಗುವುದಿಲ್ಲ. ಉಳಿದದ್ದು ಯಾರದು ಅಂತ ಆಗಲೇ ಗುಮಾನಿ ಬಂದಿತ್ತು.

ಮುರಿದ ಕ್ಲಬ್

ಈ ಕೋನಗಳನ್ನು ಸರಿ ಮಾಡಬೇಕಾದರೆ ಹೋಸೆಲ್, ಅಂದರೆ ಶಾಫ್ಟ್ ಸೇರುವ ಹೆಡ್ಡಿನ ಕತ್ತು, ಬಗ್ಗಿಸಬೇಕು. ಫೋರ್ಜ್ಡ್ ಸೆಟ್ಟಿನ ಮೇಲೆ ನೇರವಾಗಿ ಕೈ ಹಾಕಲು ಧೈರ್ಯ ಆಗಲಿಲ್ಲ. ಮಗಳಿಗೆ ಅಂತ ತಂದಿದ್ದ ಅಗ್ಗದ ಮಕ್ಕಳ ಸೆಟ್ಟಿನಲ್ಲಿ ಒಂದು ಐರನ್ ಇತ್ತು. ಅವಳು ಅದನ್ನು ಮುಟ್ಟಿ ವರ್ಷ ಆಗಿತ್ತು. ಅದನ್ನು ತೆಗೆದುಕೊಂಡು ನೌಬಾದ್ ಕಡೆ ನಮಗೆ ಪರಿಚಯದ ಲೇತ್ ಅಂಗಡಿಗೆ ಹೋದೆ. ಅಲ್ಲಿಯ ಚಾಚಾ ನಮ್ಮಪ್ಪನ ಕಾಲದಿಂದ ಗೊತ್ತು. ಅವರ ವೈಸಿಗೆ ಸಿಕ್ಕಿಸಿ, ಒಂದು ಪೈಪ್ ತುಂಡು ಹಾಕಿ ಎಳೆದೆ. ಬಗ್ಗುತ್ತದೆ ಅಂತ ಕಾದೆ. ಟಕ್ ಅಂದು ಹೋಸೆಲ್ ಹತ್ತಿರ ಎರಡು ತುಂಡಾಯಿತು.

ಚಾಚಾ ಮುರಿದ ಕಡೆ ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಬೂದು ಬಣ್ಣ, ಹರಳು ಹರಳು. "ಇದು ಜಸ್ತ ಅದ ನೋಡಪ್ಪಾ. ಬಿದರಿಯವ್ರ ಮಾಲು ಇದು. ಬಗ್ಗಲ್ಲ, ಮುರೀತದ" ಅಂದರು. ಪಕ್ಕದಲ್ಲಿ ಚಹಾ ಕುಡಿಯುತ್ತಾ ಕೂತಿದ್ದವರು ನಕ್ಕರು. ಜಸ್ತಕ್ಕೆ, ಅಂದರೆ ಸತುವಿಗೆ, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುವ ಊರಿನಲ್ಲಿ ಹುಟ್ಟಿ ನನಗೆ ಇದು ಗೊತ್ತಾಗಲಿಲ್ಲವಲ್ಲ ಅಂತ ನಾಚಿಕೆಯಾಯಿತು. ಬಿದರಿ ಹೂದಾನಿಯನ್ನು ಯಾರಾದರೂ ಬಗ್ಗಿಸಲು ಹೋಗುತ್ತಾರಾ?

ಆಮೇಲೆ ಮಾಡಿದ ಮೊದಲ ಕೆಲಸ, ಎಲ್ಲ ಹೆಡ್‌ಗಳಿಗೂ ಅಯಸ್ಕಾಂತ ಹಿಡಿದದ್ದು. ಸತುವಿಗೆ ಅಂಟುವುದಿಲ್ಲ. ನನ್ನ ಸೆಟ್ಟಿಗೆ ಗಟ್ಟಿಯಾಗಿ ಅಂಟಿತು. ಆದರೆ ಅಂಟಿದ್ದೆಲ್ಲಾ ಬಗ್ಗುತ್ತದೆ ಅಂದುಕೊಳ್ಳಬೇಡಿ. 17-4 ಅನ್ನುವ ಗಟ್ಟಿ ಸ್ಟೇನ್‌ಲೆಸ್ ಸ್ಟೀಲಿನ ಎರಕದ ಹೆಡ್‌ಗಳಿಗೂ ಅಯಸ್ಕಾಂತ ಅಂಟುತ್ತದೆ. ಅವು ಎಳೆದಷ್ಟೂ ಸ್ಪ್ರಿಂಗಿನ ಹಾಗೆ ವಾಪಸ್ ಬರುತ್ತವೆ, ಹಟ ಮಾಡಿದರೆ ಮುರಿಯುತ್ತವೆ. 431 ಅನ್ನುವ ಇನ್ನೊಂದು ಸ್ಟೇನ್‌ಲೆಸ್ ಸ್ವಲ್ಪ ಮಾತು ಕೇಳುತ್ತದೆ. ಮೆತ್ತಗಿನ ಕಾರ್ಬನ್ ಸ್ಟೀಲಿನ ಫೋರ್ಜ್ಡ್ ಹೆಡ್ ಮಾತ್ರ ನಿಜವಾಗಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲೂ ಎರಡು ಡಿಗ್ರಿಗಿಂತ ಮುಂದೆ ಹೋಗುವಾಗ ನಾನು ಹತ್ತು ಸಲ ಯೋಚಿಸುತ್ತೇನೆ.

ಬಾರ್, ಕಟ್ಟಿಗೆ, ಗೋಡೆ

ಚಾಚಾ ಒಂದು ಬಾರ್ ಮಾಡಿಕೊಟ್ಟರು. 25 ಎಂಎಂ ಸರಳು, ಎರಡೂವರೆ ಅಡಿ ಉದ್ದ. ತುದಿಗೆ ಹೋಸೆಲ್ ಸೇರುವಷ್ಟು ಬಾಯಿ ಇರುವ ದಪ್ಪ ತುಂಡು ವೆಲ್ಡ್ ಮಾಡಿ, ಬಾಯಿಗೆ ಹಿತ್ತಾಳೆ ತಗಡು ಹಾಕಿದರು, ಕ್ರೋಮಿಗೆ ಗೀರು ಬೀಳದಿರಲಿ ಅಂತ. ಹೆಡ್ ಹಿಡಿಯಲು ಜಾಲಿ ಕಟ್ಟಿಗೆಯ ಎರಡು ದವಡೆ. ಒಳಗೆ ಹಳೇ ಚಪ್ಪಲಿಯ ತೊಗಲು.

"ಗ್ಯಾಸ್ ಹಚ್ಚಿ ಕೆಂಪಗ ಕಾಯ್ಸಿ ಬಗ್ಗಿಸಿದ್ರ ಎರಡು ನಿಮಿಷದ ಕೆಲ್ಸ" ಅನ್ನುವುದು ಚಾಚಾನ ವಾದ. ಕಬ್ಬಿಣದ ಮಟ್ಟಿಗೆ ಸರಿಯೇ. ಆದರೆ ಶಾಫ್ಟನ್ನು ಹೆಡ್ಡಿಗೆ ಹಿಡಿದಿರುವುದು ಎಪಾಕ್ಸಿ ಅಂಟು. ಬಿಸಿ ತಾಗಿದರೆ ಅದು ಬಿಟ್ಟುಕೊಳ್ಳುತ್ತದೆ, ಮುಂದಿನ ಹೊಡೆತಕ್ಕೆ ಹೆಡ್ ಚೆಂಡಿಗಿಂತ ಮುಂದೆ ಹೋಗುತ್ತದೆ. ಕ್ರೋಮ್ ಹಾಳಾಗುವುದು ಬೇರೆ. ಬೇಡ ಚಾಚಾ, ತಣ್ಣಗೇ ಮಾಡೋಣ ಅಂದೆ. ಅವರಿಗೆ ಈಗಲೂ ಅಸಮಾಧಾನವಿದೆ.

ಎಷ್ಟು ಬಗ್ಗಿತು ಅಂತ ಪ್ರತಿ ಸಲ ಬಿಚ್ಚಿ ಅಳೆಯುವುದು ತಲೆನೋವು. ಏಳನೇ ನಂಬರ್ ಸುಮಾರು 37 ಇಂಚು ಉದ್ದ. ಹೋಸೆಲಿನಲ್ಲಿ ಒಂದು ಡಿಗ್ರಿ ಬಗ್ಗಿದರೆ ಗ್ರಿಪ್ಪಿನ (ಹಿಡಿಕೆಯ) ತುದಿ ಒಂದೂವರೆ ಸೆಂಟಿಮೀಟರಿನಷ್ಟು ಸರಿಯುತ್ತದೆ. ಹಾಗಾಗಿ ಹಿಂದಿನ ಗೋಡೆಗೆ ಸೀಮೆಸುಣ್ಣದಲ್ಲಿ ಒಂದೂವರೆ ಸೆಂಟಿಮೀಟರಿಗೊಂದು ಗೆರೆ ಎಳೆದೆ. ಇಡೀ ಕೆಲಸದಲ್ಲಿ ನನಗೆ ಬಹಳ ಹೆಮ್ಮೆ ಇರುವುದು ಈ ಗೆರೆಗಳ ಬಗ್ಗೆ. ಖರ್ಚು ಸೊನ್ನೆ.

ಏಳನೇ ನಂಬರ್

ಮೊದಲ ಎಳೆತಕ್ಕೆ ಗ್ರಿಪ್ ಒಂದು ಗೆರೆ ಸರಿಯಿತು. ಬಿಟ್ಟೆ, ಪೂರ್ತಿ ವಾಪಸ್ ಬಂತು. ಒಂದೂವರೆ ಗೆರೆ ಎಳೆದೆ, ಅದೂ ವಾಪಸ್. ಎರಡು ಗೆರೆ ದಾಟಿದಾಗ ಕೈಗೆ ಒಂದು ಥರ ಮೆತ್ತಗಾದ ಅನುಭವ. ಬಿಟ್ಟು ನೋಡಿದರೆ ಅರ್ಧ ಗೆರೆ ಉಳಿದಿತ್ತು. ಲೋಹ ಮಣಿದದ್ದು ಆಗ. ಈ ಮೆತ್ತಗಾಗುವ ಕ್ಷಣ ಗೊತ್ತಾದ ಮೇಲೆ ಕೆಲಸ ಸಲೀಸು. ಜರ್ಕ್ ಕೊಡದೆ, ಬಾವಿಯಿಂದ ತುಂಬಿದ ಕೊಡ ಸೇದುವ ಹಾಗೆ ಒಂದೇ ಸಮ ಎಳೆಯಬೇಕು.

64ರಿಂದ 63ಕ್ಕೆ ತಂದು ಲಾಫ್ಟ್ ನೋಡಿದರೆ ಅದೂ 0.4 ಸರಿದಿತ್ತು. ಬಾರ್ ಸ್ವಲ್ಪ ಓರೆಯಾಗಿ ಎಳೆದಿದ್ದೆ. ಪ್ರತಿ ಎಳೆತಕ್ಕೂ ಎರಡನ್ನೂ ಅಳೆಯಬೇಕು ಅನ್ನುವ ಪಾಠ ಹಾಗೆ ಬಂತು. ಸಂಜೆಯವರೆಗೆ ಲೈ 62.5, ಲಾಫ್ಟ್ 34.5 ಮಾಡಿದೆ. 62ಕ್ಕೆ ಇಳಿಸಲಿಲ್ಲ. ಪುಸ್ತಕದ ಅಂಕಿ ಒಂದು, ನಾನು ಹೊಡೆಯುವ ರೀತಿ ಒಂದು. ಹೊಡೆಯುವಾಗ ಶಾಫ್ಟ್ ಕೆಳಕ್ಕೆ ಬಾಗಿ ಟೋ ತುಸು ಇಳಿಯುತ್ತದೆ. ಸುಮ್ನೆ ನಿಲ್ಲಿಸಿ ಅಳೆದ ಲೈ ಹೊಡೆತದಲ್ಲಿ ಹಾಗೇ ಇರುವುದಿಲ್ಲ.

ಅದಕ್ಕೆ ಪರೀಕ್ಷೆ ಹೊಲದಲ್ಲಿ. ಚೆಂಡಿನ ಮೇಲೆ ಮಾರ್ಕರಿನಿಂದ ದಪ್ಪ ಗೆರೆ ಎಳೆದು, ಗೆರೆ ಕ್ಲಬ್ಬಿನ ಕಡೆ ನೆಟ್ಟಗೆ ನಿಲ್ಲುವಂತೆ ಇಟ್ಟು ಹೊಡೆದರೆ, ಮುಖದ ಮೇಲೆ ಅಚ್ಚು ಬೀಳುತ್ತದೆ. ಅಚ್ಚಿನ ತಲೆ ಟೋ ಕಡೆ ವಾಲಿದರೆ ಕ್ಲಬ್ ಜಾಸ್ತಿ ನೆಟ್ಟಗಿದೆ, ಹೀಲ್ ಕಡೆ ವಾಲಿದರೆ ಜಾಸ್ತಿ ಮಲಗಿದೆ. ಮೊದಲು ನನ್ನದು ಟೋ ಕಡೆಗೆ ಚೆನ್ನಾಗಿಯೇ ವಾಲುತ್ತಿತ್ತು. 62.5ರಲ್ಲಿ ಹತ್ತರಲ್ಲಿ ಏಳು ಅಚ್ಚು ನೆಟ್ಟಗೆ. ಅಲ್ಲಿಗೇ ನಿಲ್ಲಿಸಿದೆ.

ಚೆಂಡು ಈಗ ಮೂರು ನಾಲ್ಕು ಗಜ ಎಡಕ್ಕೆ ಹೋಗುತ್ತದೆ. ಆ ಮೂರು ನಾಲ್ಕು ಗಜ ನನ್ನ ಸ್ವಂತದ್ದು, ಚಾಚಾನ ವೈಸಿಗೆ ಸಿಕ್ಕಿಸಲು ಬರುವುದಿಲ್ಲ.

ಎಂಟನೇ ನಂಬರಿನ ಗಾಯ

ಆರು ಮತ್ತು ಒಂಬತ್ತು ತಂಟೆ ಮಾಡಲಿಲ್ಲ. ಆರು 30.5, ಒಂಬತ್ತು 42. ಎಂಟರಲ್ಲಿ ಮಾತಾಡುತ್ತಾ ಎಳೆದೆ, ಒಂದು ಡಿಗ್ರಿ ಜಾಸ್ತಿ ಹೋಯಿತು. ವಾಪಸ್ ತಂದೆ, ಅದೂ ಜಾಸ್ತಿ. ಮತ್ತೆ ಆ ಕಡೆ. ಮೂರನೇ ಸಲಕ್ಕೆ ಹೋಸೆಲಿನ ಬುಡದ ಕ್ರೋಮಿನಲ್ಲಿ ಕೂದಲೆಳೆಯಂಥ ಗೆರೆ ಕಾಣಿಸಿತು. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಮುರಿಯುವುದು ಎಲ್ಲರಿಗೂ ಗೊತ್ತಿರುವುದೇ. ತಕ್ಷಣ ಕೈಬಿಟ್ಟೆ. ಲಾಫ್ಟ್ 38ಕ್ಕೆ ಬಂದಿದೆ, ಲೈ ಅರ್ಧ ಡಿಗ್ರಿ ಬೇಕಾದ್ದಕ್ಕಿಂತ ನೆಟ್ಟಗೆ ಉಳಿದಿದೆ. ಉಳಿಯಲಿ. ಕ್ರೋಮ್ ಮಾತ್ರ ಬಿರಿದದ್ದೋ ಒಳಗೂ ಇದೆಯೋ ಅಂತ ಪ್ರತಿ ಭಾನುವಾರ ಭೂತಗನ್ನಡಿ ಹಿಡಿದು ನೋಡುತ್ತೇನೆ. ಬೆಳೆದಿಲ್ಲ.

ನಾನು ಮೊದಲು ಯೋಚಿಸದೇ ಇದ್ದ ಇನ್ನೊಂದು ವಿಷಯ ಬೌನ್ಸ್, ಅಂದರೆ ತಳ ಮುಂದಿನ ಅಂಚಿನಿಂದ ಹಿಂದಕ್ಕೆ ಕೆಳಗಿಳಿಯುವ ಕೋನ. ಲಾಫ್ಟ್ ಒಂದು ಡಿಗ್ರಿ ಹೆಚ್ಚಿಸಿದರೆ ತಳದ ಬೌನ್ಸೂ ಒಂದು ಡಿಗ್ರಿ ಹೆಚ್ಚುತ್ತದೆ. ಅಂದರೆ ಮುಂದಿನ ಅಂಚು ನೆಲದಿಂದ ಸ್ವಲ್ಪ ಮೇಲೇಳುತ್ತದೆ. ಮ್ಯಾಟ್ ಮೇಲೆ ಗೊತ್ತಾಗಲಿಲ್ಲ. ಮ್ಯಾಟ್ ತೆಗೆದು ನಮ್ಮ ಕೆಂಪು ಜಂಬಿಟ್ಟಿಗೆ ನೆಲದ ಮೇಲೆ ಹೊಡೆದಾಗ ಏಳನೇ ನಂಬರ್ ನೆಲಕ್ಕೆ ಬಡಿದು ಪುಟಿದು, ಚೆಂಡಿನ ಹೊಟ್ಟೆಗೆ ಹೊಡೆಯಿತು. ಚೆಂಡು ಕೂಳೆ ಸವರಿಕೊಂಡು ಹೋಯಿತು. ಮೆತ್ತಗಿನ ಹುಲ್ಲಿನಲ್ಲಿ ಇದೇ ಬೌನ್ಸ್ ಉಪಕಾರ ಮಾಡುತ್ತದೆ. ಮುಂದಿನ ತಿಂಗಳು ಹೈದರಾಬಾದಿನ ಹುಲ್ಲಿನ ಮೇಲೆ ಹೊಡೆದು ನೋಡುವವರೆಗೆ 34.5 ಹಾಗೇ ಇರಲಿ ಅಂತ ಬಿಟ್ಟಿದ್ದೇನೆ.

ಈಗ ಎಲ್ಲಿದೆ

ಆರು 30.5, ಏಳು 34.5, ಎಂಟು 38, ಒಂಬತ್ತು 42, ವೆಡ್ಜ್ 46. ಆರು ಮತ್ತು ಏಳು ಈಗ ಬೇರೆ ಬೇರೆ ಕಡೆ ಬೀಳುತ್ತಿವೆ. ಏಳನೆಯದು ನಾಲ್ಕೈದು ಗಜ ಕಮ್ಮಿ ಹೋಗುತ್ತದೆ, ಹೋಗಲೇಬೇಕು. ನಾಲ್ಕು ಮತ್ತು ಐದನ್ನು ಮುಟ್ಟಿಲ್ಲ. ಅಷ್ಟು ಕಡಿಮೆ ಲಾಫ್ಟಿನಲ್ಲಿ ಲೈ ತಪ್ಪಿದರೂ ಪೆಟ್ಟು ಕಮ್ಮಿ. ಅದೂ ಅಲ್ಲದೆ, ನಾಲ್ಕನೇ ನಂಬರ್ ನನ್ನ ಕೈಯಲ್ಲಿ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೂ ಅದರ ಲೈಗೂ ಯಾವ ಸಂಬಂಧವೂ ಇಲ್ಲ.

ಬಾಕಿ ಇರುವುದು ವೆಡ್ಜಿನ ಲೈ. 66ರಿಂದ 64ಕ್ಕೆ ಬರಬೇಕು. 46 ಡಿಗ್ರಿ ಲಾಫ್ಟಿನಲ್ಲಿ ಲೈ ಎಷ್ಟು ತಪ್ಪಿದೆಯೋ ಮುಖವೂ ಹೆಚ್ಚುಕಮ್ಮಿ ಅಷ್ಟೇ ತಿರುಗುತ್ತದೆ. ಅದಕ್ಕೇ ಮೊದಲು ಮಾಡಬೇಕಿದ್ದ ಕ್ಲಬ್ ಅದು. ಎಂಟರ ಗಾಯ ನೋಡಿ ಕೈ ಹಿಂಜರಿಯುತ್ತಿದೆ. ಚಾಚಾ ಶುಕ್ರವಾರ ನಮಾಜ್ ಮುಗಿಸಿ ಬರಲು ಹೇಳಿದ್ದಾರೆ. ಈ ಸಲ ಬಾರ್ ಅವರೇ ಎಳೆಯುತ್ತಾರಂತೆ, ನಾನು ಗೋಡೆಯ ಗೆರೆ ಓದಬೇಕು, ಬಾಯಿ ಮುಚ್ಚಿಕೊಂಡು.